ಮನೆ ಕಂದಾಯಕ್ಕೆ ಬೆಲೆ ಕಟ್ಟುವವರು ಯಾರು, ಕಟ್ಟುವ ಬಗೆ ಹೇಗೆ?

ಪ್ರಶ್ನೆ: ತುಮಕೂರಿನ ಶೆಟ್ಟಿಹಳ್ಳಿ ಕಡೆ 30×40 ಅಡಿ ಸೈಟಿನಲ್ಲಿ ನಮ್ಮ ಮನೆ ಇದೆ. ಕಟ್ಟಿಸಿ ಸುಮಾರು ಇಪ್ಪತ್ತು ವರ್ಷವಾಯಿತು. ನೆಲ ಅಂತಸ್ತಿನಲ್ಲಿ ನಾವಿದ್ದೇವೆ, ಮೇಲಿನ ಚಿಕ್ಕ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ರಸ್ತೆ ಕಡೆ ಮೊದಲು ಒಂದು ಚಿಲ್ಲರೆ ಅಂಗಡಿ ಇತ್ತು. ಅದನ್ನು ಮುಚ್ಚಿ ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತೇವೆ. ಎದುರು ಮನೆಯವರ ಸೈಟೂ ನಮ್ಮಷ್ಟೇ ಇದ್ದರೂ ಅವರಿಗಿಂತ ನಮಗೆ ಕಂದಾಯ ಹೆಚ್ಚು ಬರುತ್ತಿದೆ, ವರ್ಷ ವರ್ಷ ಏರುತ್ತಲೂ ಇದೆ. ನಾವು ಮನೆ ಮಾರುತ್ತಿಲ್ಲ. ಹೀಗಿರುವಾಗ ನಮ್ಮ ಮನೆಗೆ ಇಷ್ಟು ಬೆಲೆ ಎಂದು ಯಾರು, ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ? ಒಪ್ಪಿಗೆಯಾಗದಿದ್ದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ಊಹೆ ಇದೆ. ಪಾಲಿಕೆಯ ಅಧಿಕಾರಿಯೊಬ್ಬರು ನಿಮ್ಮ ಮನೆಯ ಮುಂದೆ ನಿಂತು, ಅದನ್ನು ನೋಡಿ, ಇದಕ್ಕೆ ಇಷ್ಟು ಬೆಲೆ ಎಂದು ತೀರ್ಮಾನಿಸಿರಬೇಕು ಎಂದು ನೀವು ಭಾವಿಸಿದ್ದೀರಿ. ಬಹಳ ಜನ ಹೀಗೇ ತಿಳಿದಿದ್ದಾರೆ. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ಹಾಗಿಲ್ಲ. ಈಗಿನ ಪದ್ಧತಿಯಲ್ಲಿ ನಿಮ್ಮ ಮನೆಯ ತೆರಿಗೆ ಮೌಲ್ಯವೆಂದರೆ ಐದಾರು ಅಂಕಿಗಳನ್ನು ಗುಣಿಸಿ, ಕೂಡಿಸಿ ಬಂದ ಮೊತ್ತ. ಆ ಅಂಕಿಗಳಲ್ಲಿ ಒಂದೊಂದೂ ಒಂದೊಂದು ಕಡೆಯಿಂದ ಬರುತ್ತದೆ: ಕೆಲವನ್ನು ನೋಂದಣಿ ಇಲಾಖೆ ಗೊತ್ತುಮಾಡಿರುತ್ತದೆ, ಕೆಲವನ್ನು ಪಾಲಿಕೆ ಗೊತ್ತುಮಾಡಿರುತ್ತದೆ, ಉಳಿದವನ್ನು ಮಾಲೀಕರಾದ ನೀವೇ ಘೋಷಿಸಿರುತ್ತೀರಿ. ಆದ್ದರಿಂದ 'ನನ್ನ ತೆರಿಗೆ ಹೆಚ್ಚಾಗಿದೆ' ಎಂಬ ದೂರಿಗೆ ಕಚೇರಿಯಲ್ಲಿ ಉತ್ತರ ಸಿಗುವುದು ಕಷ್ಟ. 'ಈ ಒಂದು ಅಂಕಿ ತಪ್ಪಾಗಿದೆ, ಇಗೋ ದಾಖಲೆ' ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಯಾವ ಅಂಕಿ ಎಲ್ಲಿಂದ ಬಂತು ಎಂಬುದನ್ನು ನೀವು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಭೂಮಿ ಮತ್ತು ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ, 49ನೆಯ ನಮೂದಿನಲ್ಲಿದೆ. ರಾಜ್ಯ ಸರ್ಕಾರ ಅದನ್ನು ಕಾನೂನಿನ ಮೂಲಕ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ತುಮಕೂರು ಮಹಾನಗರ ಪಾಲಿಕೆಗೆ ಅನ್ವಯವಾಗುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮ. ಜಿಲ್ಲೆಯ ನಗರಸಭೆ, ಪುರಸಭೆಗಳಿಗೆ 1964ರ ಪುರಸಭೆಗಳ ಅಧಿನಿಯಮ. ಗ್ರಾಮ ಪಂಚಾಯಿತಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ. ನಗರದಂಚಿನಲ್ಲಿ ಮನೆ ಇರುವವರು ತಮ್ಮ ಸ್ವತ್ತು ಯಾವ ಸಂಸ್ಥೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಒಂದೇ ರಸ್ತೆಯ ಎಡಕ್ಕೆ ಪಾಲಿಕೆ, ಬಲಕ್ಕೆ ಪಂಚಾಯಿತಿ ಇರುವ ಜಾಗಗಳಲ್ಲಿ ಎರಡೂ ಬದಿಯ ಕಂದಾಯವನ್ನು ಹೋಲಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ.

2002ಕ್ಕಿಂತ ಮೊದಲು ನಮ್ಮ ಊರುಗಳಲ್ಲಿ ಇದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಪದ್ಧತಿ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಎಂದು ಅಂದಾಜು ಮಾಡಿ, ಅದರ ಮೇಲೆ ತೆರಿಗೆ ಹಾಕುತ್ತಿದ್ದರು. ಅಂದಾಜು ಮಾಡುವವರು ಕಂದಾಯ ವಿಭಾಗದವರೇ ಆಗಿದ್ದರಿಂದ ಒಬ್ಬರ ಕಣ್ಣಿಗೆ ಐನೂರು ಕಂಡದ್ದು ಇನ್ನೊಬ್ಬರ ಕಣ್ಣಿಗೆ ಎಂಟುನೂರು ಕಾಣಬಹುದಿತ್ತು. ಇದಕ್ಕೆ ಬಾಡಿಗೆ ನಿಯಂತ್ರಣ ಕಾನೂನಿನ ತೊಡಕೂ ಸೇರಿಕೊಂಡಿತ್ತು: ನಿಯಂತ್ರಿತ ಬಾಡಿಗೆಗಿಂತ ಹೆಚ್ಚಿನ ಮೌಲ್ಯ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ದೆಹಲಿಯ ಒಂದು ಪ್ರಕರಣದಲ್ಲಿ 1979ರಲ್ಲೇ ಹೇಳಿತ್ತು. ಪರಿಣಾಮವಾಗಿ ಪೇಟೆ ಬೀದಿಯ ಹಳೆಯ ದೊಡ್ಡ ಕಟ್ಟಡಕ್ಕೆ ಪುಡಿಗಾಸು ಕಂದಾಯ, ಬಡಾವಣೆಯಲ್ಲಿ ಹೊಸದಾಗಿ ಕಟ್ಟಿಸಿದ ಸಣ್ಣ ಮನೆಗೆ ಭಾರೀ ಕಂದಾಯ ಎಂಬಂಥ ಸ್ಥಿತಿ ಎಲ್ಲ ಊರುಗಳಲ್ಲೂ ಇತ್ತು. ಈ ಅಂದಾಜಿನ ಅಧಿಕಾರವನ್ನು ಮೊಟಕುಗೊಳಿಸಲೆಂದೇ 2001ರ ತಿದ್ದುಪಡಿಯ ಮೂಲಕ ಬಂಡವಾಳ ಮೌಲ್ಯ ಪದ್ಧತಿಯನ್ನೂ (ಅಂದರೆ ಬಾಡಿಗೆಯ ಬದಲು ನೆಲ, ಕಟ್ಟಡಗಳ ಬೆಲೆಯ ಮೇಲೆ ತೆರಿಗೆ ಹಾಕುವ ಪದ್ಧತಿ), ಅದರ ಜೊತೆಗೆ ಸ್ವಯಂ ಘೋಷಿತ ಆಸ್ತಿ ತೆರಿಗೆಯನ್ನೂ ತರಲಾಯಿತು. ಬೆಂಗಳೂರು 2008ರಲ್ಲಿ ಬೇರೆ ದಾರಿ ಹಿಡಿದು, ಪ್ರದೇಶವಾರು ಚದರಡಿ ದರದ ಪದ್ಧತಿಗೆ ಹೋಯಿತು. ಆದ್ದರಿಂದ ಬೆಂಗಳೂರಿನಲ್ಲಿರುವ ನೆಂಟರು ಹೇಳುವ 'ವಲಯ'ದ ಲೆಕ್ಕವನ್ನು ತುಮಕೂರಿನ ಮನೆಗೆ ಹಾಕಲು ಹೋಗಬೇಡಿ.

ಈಗ ನಿಮ್ಮ ಮನೆಗೆ ಬರೋಣ.

ಮೊದಲ ಅಂಕಿ ನಿಮ್ಮ ರಸ್ತೆಯ ಮಾರ್ಗಸೂಚಿ ದರ, ಅಂದರೆ ಸ್ವತ್ತಿನ ನೋಂದಣಿಗೆಂದು ಸರ್ಕಾರದ ಕಡೆಯಿಂದ ಗೊತ್ತುಮಾಡಿದ ಬೆಲೆ. ಇದನ್ನು ಪಾಲಿಕೆ ನಿಗದಿ ಮಾಡುವುದಿಲ್ಲ. 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ 45-ಬಿ ಪ್ರಕರಣದ ಪ್ರಕಾರ ರಚನೆಯಾದ ಕೇಂದ್ರ ಮೌಲ್ಯಮಾಪನ ಸಮಿತಿ ಇದನ್ನು ನಿಗದಿ ಮಾಡುತ್ತದೆ. ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರು ಆ ಸಮಿತಿಯ ಅಧ್ಯಕ್ಷರು. ಸ್ಥಳೀಯ ಮಟ್ಟದಲ್ಲಿ ಅದಕ್ಕೆ ಉಪಸಮಿತಿಗಳಿರುತ್ತವೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಕ್ರಯಪತ್ರಗಳು, ಪ್ರದೇಶದ ಬೆಳವಣಿಗೆ, ರಸ್ತೆಯ ಸ್ವರೂಪ ಇವುಗಳನ್ನು ನೋಡಿ ಬಡಾವಣೆಗೆ, ರಸ್ತೆಗೆ, ಕೆಲವೆಡೆ ಸರ್ವೆ ನಂಬರಿಗೆ ಒಂದು ದರವನ್ನು ಅವು ಸೂಚಿಸುತ್ತವೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಕಾಲಾವಕಾಶ ಇರುತ್ತದೆ, ಅನಂತರ ಅಂತಿಮ ಪಟ್ಟಿ ಜಾರಿಗೆ ಬರುತ್ತದೆ. ರಾಜ್ಯದಾದ್ಯಂತ ಪರಿಷ್ಕೃತ ದರಗಳು 2023ರ ಅಕ್ಟೋಬರ್ 1ರಿಂದ ಜಾರಿಯಾದದ್ದು ನಿಮಗೆ ನೆನಪಿರಬಹುದು. ಆ ಪಟ್ಟಿಯ ಮುಖ್ಯ ಉದ್ದೇಶ ಮುದ್ರಾಂಕ ಶುಲ್ಕ. ಮನೆ ಕಂದಾಯಕ್ಕೆ ಅದು ಎರವಲು ಬಂದದ್ದು. ನೀವು ಮನೆ ಮಾರದಿದ್ದರೂ ಬೇರೆಯವರು ಮಾರಿದ ಬೆಲೆಯ ನೆರಳು ನಿಮ್ಮ ಕಂದಾಯದ ಮೇಲೆ ಬೀಳುವುದು ಈ ದಾರಿಯಿಂದಲೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ದರ ಒಂದು ರಸ್ತೆಗೆ ಅಥವಾ ಬಡಾವಣೆಗೆ ಸಂಬಂಧಿಸಿದ್ದೇ ಹೊರತು ಒಂದು ಮನೆಗೆ ಸಂಬಂಧಿಸಿದ್ದಲ್ಲ. ಮುಖ್ಯರಸ್ತೆಯ ದರಕ್ಕೂ ಅದರ ಹಿಂದಿನ ಅಡ್ಡರಸ್ತೆಯ ದರಕ್ಕೂ ಬಹಳ ಅಂತರವಿರುತ್ತದೆ. ಬಿ.ಎಚ್. ರಸ್ತೆಗೆ ಮುಖ ಮಾಡಿದ ಸ್ವತ್ತಿನ ದರವನ್ನು ಅದರ ಹಿಂಬದಿಯ ಓಣಿಯಲ್ಲಿ ಬಾಗಿಲಿರುವ ಮನೆಗೆ ಹಾಕಿದರೆ ಆ ಮನೆಯವರು ಹೆಚ್ಚುವರಿ ಹೊರೆಯನ್ನು ವರ್ಷಾನುಗಟ್ಟಲೆ ತಿಳಿಯದೆಯೇ ಹೊರುತ್ತಾರೆ. ಇಂಥ ತಪ್ಪು ಆಗುವುದಕ್ಕೆ ಸಾಮಾನ್ಯ ಕಾರಣ ದಾಖಲೆಯಲ್ಲಿ ರಸ್ತೆಯ ಹೆಸರು ತಪ್ಪಾಗಿ ನಮೂದಾಗಿರುವುದು. ಪಾಲಿಕೆ ಪ್ರತಿ ಸ್ವತ್ತಿಗೂ ಕೊಡುವ ಪಿಐಡಿ ಸಂಖ್ಯೆ ವಾರ್ಡು ಮತ್ತು ಬೀದಿಗೆ ಹೊಂದಿಕೊಂಡಿರುತ್ತದೆ. ಬೀದಿ ತಪ್ಪಾದರೆ ದರವೂ ತಪ್ಪುತ್ತದೆ. ಶೆಟ್ಟಿಹಳ್ಳಿ, ಮರಳೂರು, ಕ್ಯಾತ್ಸಂದ್ರದಂಥ ಕಡೆಗಳಲ್ಲಿ ಹಳೆಯ ಊರಿನ ಸುತ್ತ ಹೊಸ ಬಡಾವಣೆಗಳು ಬೆಳೆದಿರುವುದರಿಂದ ಹಳೆಯ ಕೇರಿಯ ಹೆಸರು, ಬಡಾವಣೆಯ ಹೆಸರು, ಅಡ್ಡರಸ್ತೆಯ ಸಂಖ್ಯೆ ಎಲ್ಲ ಒಂದರೊಳಗೊಂದು ಕಲೆತುಹೋಗಿರುವ ಸಾಧ್ಯತೆ ಇದೆ. ನಿಮ್ಮ ಎದುರು ಮನೆಗೂ ನಿಮಗೂ ಇರುವ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಾಗಿರಬಹುದು. ನಿಮ್ಮ ಮನೆ ಮೂಲೆ ಸೈಟಾಗಿದ್ದರೆ ಮಾರ್ಗಸೂಚಿ ಪಟ್ಟಿಯ ವಿಶೇಷ ಸೂಚನೆಗಳಲ್ಲಿ ಅದಕ್ಕೆ ಹೆಚ್ಚುವರಿ ಮೌಲ್ಯವನ್ನೂ ಹೇಳಿರುತ್ತಾರೆ, ಅದನ್ನೂ ನೋಡಿಕೊಳ್ಳಿ.

ಎರಡನೆಯದು ಅಳತೆ. ಸೈಟಿನ ಅಳತೆ ಕ್ರಯಪತ್ರದ ಚಕ್ಕುಬಂದಿಯಿಂದ ಬರುತ್ತದೆ. ಕಟ್ಟಡದ ಅಳತೆಯನ್ನು ನೀವೇ ಘೋಷಿಸಬೇಕು, ಪ್ರತಿ ಅಂತಸ್ತಿನದ್ದನ್ನೂ ಬೇರೆ ಬೇರೆಯಾಗಿ. ಮೂರನೆಯದು ಕಟ್ಟಡದ ಬಗೆ: ಆರ್‌ಸಿಸಿ ತಾರಸಿಯೇ, ಮಂಗಳೂರು ಹೆಂಚೇ, ಶೀಟಿನ ಮನೆಯೇ ಎಂಬುದರ ಮೇಲೆ ಚದರಡಿಯ ನಿರ್ಮಾಣ ದರ ಬೇರೆಯಾಗುತ್ತದೆ. ನಾಲ್ಕನೆಯದು ಕಟ್ಟಡದ ವಯಸ್ಸು. ಕಟ್ಟಡ ಹಳೆಯದಾದಂತೆ ಸವಕಳಿ ಎಂದು ಒಂದಿಷ್ಟು ಶೇಕಡಾವಾರು ಕಳೆಯುತ್ತಾರೆ. ನೆಲಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಮಾತ್ರ ಇದೆ. ಇಪ್ಪತ್ತು ವರ್ಷದ ಮನೆಯನ್ನು ದಾಖಲೆಯಲ್ಲಿ ಐದು ವರ್ಷದ್ದೆಂದು ಬರೆದಿದ್ದರೆ ನಿಮಗೆ ಸಿಗಬೇಕಾದ ಕಡಿತ ಸಿಗುತ್ತಿಲ್ಲವೆಂದೇ ಅರ್ಥ. ಮೇಲಿನ ಅಂತಸ್ತನ್ನು ಅನಂತರ ಕಟ್ಟಿಸಿದ್ದರೆ ಅದರ ವಯಸ್ಸು ಬೇರೆ. ಎರಡಕ್ಕೂ ಒಂದೇ ವರ್ಷ ಹಾಕಿರುವುದು ದಾಖಲೆಗಳಲ್ಲಿ ಆಗಾಗ ಕಾಣುವ ಕೊರತೆ.

ಐದನೆಯದು, ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬಳಕೆ. ವಾಸಕ್ಕೆ ಬಳಸುವ ಕಟ್ಟಡಕ್ಕೆ ಒಂದು ತೆರಿಗೆ ದರ, ವಾಣಿಜ್ಯಕ್ಕೆ ಅದಕ್ಕಿಂತ ಹೆಚ್ಚಿನ ದರ, ಖಾಲಿ ನಿವೇಶನಕ್ಕೆ ಮತ್ತೊಂದು. ಕನಿಷ್ಠ, ಗರಿಷ್ಠ ಮಿತಿಗಳನ್ನು ಕಾನೂನು ಹೇಳುತ್ತದೆ. ಆ ಮಿತಿಯೊಳಗೆ ದರವನ್ನು ಪಾಲಿಕೆ ನಿಗದಿ ಮಾಡುತ್ತದೆ. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಅದು ವಾಣಿಜ್ಯವಾಗುವುದಿಲ್ಲ; ಬಾಡಿಗೆದಾರರು ಅಲ್ಲಿ ಸಂಸಾರ ಹೂಡಿದ್ದರೆ ಅದು ವಾಸದ ಕಟ್ಟಡವೇ. ಬಾಡಿಗೆ ಎಷ್ಟು ಬರುತ್ತದೆ ಎಂಬ ಅಂಕಿಗೆ ಬಂಡವಾಳ ಮೌಲ್ಯದ ಈ ಲೆಕ್ಕದಲ್ಲಿ ಜಾಗವಿಲ್ಲ. ಆದರೆ ಮುಚ್ಚಿದ ನಿಮ್ಮ ಅಂಗಡಿ ದಾಖಲೆಯಲ್ಲಿ ಇನ್ನೂ ತೆರೆದೇ ಇರಬಹುದು. ಅಂಗಡಿ ಇದ್ದಾಗ ಆ ಭಾಗವನ್ನು ವಾಣಿಜ್ಯವೆಂದು ಬರೆಸಿದ್ದರೆ, ಬಾಗಿಲು ಹಾಕಿದ ದಿನ ಪಾಲಿಕೆಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಪ್ರತಿ ವರ್ಷ ಹಿಂದಿನ ವರ್ಷದ ವಿವರದ ಮೇಲೆಯೇ ಚಲನ್ ತೆಗೆದು ಕಟ್ಟುತ್ತಾ ಬಂದರೆ, ಹಳೆಯ ಬಳಕೆಯನ್ನು ನೀವೇ ಮತ್ತೆ ಮತ್ತೆ ಘೋಷಿಸಿದಂತಾಗುತ್ತದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಬಂದ ಸಂಶಯ ಇದೇ.

ಈ ಅಂಕಿಗಳೆಲ್ಲ ಸೇರಿ ಹೇಗೆ ಕಂದಾಯವಾಗುತ್ತವೆ ಎಂಬುದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಇಲ್ಲಿನ ದರಗಳು ಲೆಕ್ಕದ ದಾರಿ ಕಾಣಲೆಂದು ಹಾಕಿಕೊಂಡವು, ನಿಮ್ಮ ರಸ್ತೆಯ ನಿಜವಾದ ದರಗಳಲ್ಲ. ನಿಮ್ಮ ತೆರಿಗೆ ವಿವರದಲ್ಲಿರುವ ದರಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬೇಕು. ಸೈಟು 1,200 ಚದರಡಿ. ರಸ್ತೆಯ ಮಾರ್ಗಸೂಚಿ ದರ ಚದರಡಿಗೆ 1,500 ರೂಪಾಯಿ ಎಂದುಕೊಳ್ಳಿ, ನೆಲದ ಮೌಲ್ಯ 18 ಲಕ್ಷವಾಯಿತು. ನೆಲ ಅಂತಸ್ತು 800 ಚದರಡಿ, ಮೇಲಿನದು 400, ಒಟ್ಟು 1,200 ಚದರಡಿ. ನಿರ್ಮಾಣ ದರ ಚದರಡಿಗೆ 1,000 ರೂಪಾಯಿ ಎಂದರೆ 12 ಲಕ್ಷ. ಸವಕಳಿ ಶೇ 20 ಎಂದು ಹಿಡಿದು ಕಳೆದರೆ 9 ಲಕ್ಷ 60 ಸಾವಿರ. ನೆಲ, ಕಟ್ಟಡ ಸೇರಿ 27 ಲಕ್ಷ 60 ಸಾವಿರ. ಈ ಪೂರ್ತಿ ಮೊತ್ತಕ್ಕೆ ತೆರಿಗೆ ಹಾಕದೆ ಅದರ ಒಂದು ಪಾಲನ್ನು ಮಾತ್ರ ತೆರಿಗೆ ಹಾಕಬಹುದಾದ ಬಂಡವಾಳ ಮೌಲ್ಯವೆಂದು ಹಿಡಿಯುತ್ತಾರೆ. ಆ ಪಾಲು ನಾಲ್ಕನೇ ಒಂದು ಎಂದು ಇಟ್ಟುಕೊಂಡರೆ 6 ಲಕ್ಷ 90 ಸಾವಿರ. ವಾಸದ ದರ ಶೇ 0.4 ಎಂದಾದರೆ ತೆರಿಗೆ 2,760 ರೂಪಾಯಿ.

ಇದರ ಮೇಲೆ ಕರಗಳು (ಸೆಸ್) ಬರುತ್ತವೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಒಟ್ಟು ಶೇ 24. ಇವು ಮನೆಯ ಮೌಲ್ಯದ ಮೇಲಲ್ಲ, ತೆರಿಗೆಯ ಮೇಲೆ. ಆದ್ದರಿಂದ ನಮ್ಮ ಲೆಕ್ಕದಲ್ಲಿ 662 ರೂಪಾಯಿ 40 ಪೈಸೆ. ಗ್ರಂಥಾಲಯ ಕರದ ಹಣ ಪಾಲಿಕೆಯ ಪಾಲಿಗೆ ಉಳಿಯುವುದಲ್ಲ, ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಬೇಕಾದದ್ದು. ಭಿಕ್ಷುಕರ ಕರ ನಿರಾಶ್ರಿತರ ಪರಿಹಾರ ಕೇಂದ್ರಗಳ ನಿರ್ವಹಣೆಗೆ ಸಲ್ಲಬೇಕಾದದ್ದು. ಇವಲ್ಲದೆ ಕಸ ವಿಲೇವಾರಿಯ ಶುಲ್ಕದಂಥ ಬೇರೆ ಬಾಬ್ತುಗಳೂ ಅದೇ ಚಲನ್‌ನಲ್ಲಿ ಇರುತ್ತವೆ. ಜನರು ಚಲನ್‌ನ ಕೊನೆಯ ಮೊತ್ತವನ್ನು ಮಾತ್ರ ನೋಡಿ 'ಮನೆ ಕಂದಾಯ ಇಷ್ಟಾಯಿತು' ಎನ್ನುತ್ತಾರೆ; ಅದರೊಳಗೆ ತೆರಿಗೆ ಎಷ್ಟು, ಕರ ಎಷ್ಟು, ಶುಲ್ಕ ಎಷ್ಟು, ಹಿಂದಿನ ಬಾಕಿ ಎಷ್ಟು ಎಂದು ಬಿಡಿಸಿ ನೋಡುವುದು ಅವಶ್ಯಕ.

ಈಗ ಯಾವ ತಪ್ಪಿಗೆ ಎಷ್ಟು ಬೆಲೆ ಎಂಬುದನ್ನು ಇದೇ ಲೆಕ್ಕದಲ್ಲಿ ಅಳೆದು ನೋಡಿ. ಮೇಲಿನ ಅಂತಸ್ತು 400 ಚದರಡಿ ಇರುವಲ್ಲಿ 600 ಎಂದು ಬರೆದಿದ್ದರೆ ವರ್ಷಕ್ಕೆ ಹೆಚ್ಚಾಗುವ ತೆರಿಗೆ 160 ರೂಪಾಯಿ. ರಸ್ತೆಯ ದರ 1,500 ಇರಬೇಕಾದಲ್ಲಿ ಮುಖ್ಯರಸ್ತೆಯ 2,500 ಬಿದ್ದಿದ್ದರೆ ಹೆಚ್ಚಾಗುವುದು 1,200 ರೂಪಾಯಿ. ನಿಮ್ಮ ಅಂಗಡಿಯ ಭಾಗ 150 ಚದರಡಿ ಎಂದುಕೊಂಡು, ಒಟ್ಟು ಮೌಲ್ಯದಲ್ಲಿ ಅಷ್ಟು ಪಾಲಿಗೆ ವಾಸದ 0.4ರ ಬದಲು ವಾಣಿಜ್ಯಕ್ಕೆ ಶೇ 1 ಹಾಕಿದ್ದರೆ ಹೆಚ್ಚಾಗುವುದು 517 ರೂಪಾಯಿ 50 ಪೈಸೆ. ಒಂದು ಅಂಗಡಿಯ ನೆಪದಲ್ಲಿ ಇಡೀ ಕಟ್ಟಡವೇ ವಾಣಿಜ್ಯವೆಂದು ನಮೂದಾಗಿದ್ದರೆ ಮಾತ್ರ ತೆರಿಗೆ 2,760ರಿಂದ 6,900ಕ್ಕೆ ಏರುತ್ತದೆ. ಈ ಎಲ್ಲಕ್ಕೂ ಶೇ 24ರ ಕರ ಮತ್ತೆ ಸೇರುತ್ತದೆ. ಜನರು ಸಾಮಾನ್ಯವಾಗಿ ಟೇಪು ಹಿಡಿದು ಅಳತೆಯ ಬಗ್ಗೆಯೇ ಜಗಳ ಆಡುತ್ತಾರೆ. ಅಳತೆಯ ತಪ್ಪು ಅಷ್ಟೇನೂ ದುಬಾರಿಯಲ್ಲ. ಬಳಕೆ ಮತ್ತು ರಸ್ತೆಯ ದರದ ತಪ್ಪುಗಳೇ ಜೇಬಿಗೆ ಭಾರ. ನೀವು ದಾಖಲೆ ಪರಿಶೀಲಿಸುವಾಗ ಮೊದಲು ಬಳಕೆ, ಆಮೇಲೆ ರಸ್ತೆ, ಆಮೇಲೆ ಕಟ್ಟಡದ ವಯಸ್ಸು, ಕೊನೆಗೆ ಅಳತೆ ಎಂಬ ಕ್ರಮದಲ್ಲಿ ನೋಡಿ.

ಕಂದಾಯ ವರ್ಷ ವರ್ಷ ಏಕೆ ಏರುತ್ತಿದೆ ಎಂದು ಕೇಳಿದ್ದೀರಿ. ಹಿಂದೆ ಹಳೆಯ ಒಂದು ಮಾರ್ಗಸೂಚಿ ಮೌಲ್ಯವನ್ನೇ ಆಧಾರವಾಗಿ ಇಟ್ಟುಕೊಂಡು, ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15ರಷ್ಟು ಏರಿಸುವ ಪದ್ಧತಿ ಇತ್ತು. ಆಗ ಎರಡು ವರ್ಷ ಏರಿಕೆ ಕಾಣದೆ ಮೂರನೆಯ ವರ್ಷ ಒಮ್ಮೆಲೇ ಕಾಣುತ್ತಿತ್ತು. 2021ರ ತಿದ್ದುಪಡಿಯ ಮೂಲಕ ತೆರಿಗೆಯನ್ನು ಚಾಲ್ತಿಯಲ್ಲಿರುವ ಮಾರ್ಗಸೂಚಿ ಮೌಲ್ಯಕ್ಕೆ ಜೋಡಿಸಲಾಯಿತು. ಇದರ ಹಿಂದೆ ಕೇಂದ್ರದ ಒತ್ತಾಯವೂ ಇತ್ತು: ನಗರ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಸಿಗಬೇಕಾದರೆ ರಾಜ್ಯಗಳು ಆಸ್ತಿ ತೆರಿಗೆಯ ಕನಿಷ್ಠ ದರಗಳನ್ನು ಅಧಿಸೂಚಿಸಬೇಕು, ಅನಂತರ ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ಸರಿಸಮನಾಗಿ ಏರುತ್ತಿರಬೇಕು ಎಂದು ಹದಿನೈದನೆಯ ಹಣಕಾಸು ಆಯೋಗ ಷರತ್ತು ಹಾಕಿತು. ಆದ್ದರಿಂದ ನಿಮ್ಮ ತೆರಿಗೆ ವಿವರದಲ್ಲಿ ಯಾವ ವರ್ಷದ ಮಾರ್ಗಸೂಚಿ ದರವನ್ನು ಹಿಡಿದಿದ್ದಾರೆ ಎಂಬುದನ್ನು ತಪ್ಪದೆ ನೋಡಿ. ಅದರ ಜೊತೆಗೆ ಬಾಕಿಯ ಕಲಮನ್ನೂ ನೋಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ದಂಡವಿಲ್ಲ, ಜುಲೈ 1ರಿಂದ ತಿಂಗಳಿಗೆ ಶೇ 2ರ ದಂಡ ಎಂಬುದು ಸಾಮಾನ್ಯ ನಿಯಮ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿಯನ್ನು ವಿಸ್ತರಿಸುವುದುಂಟು. ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಹಳೆಯದೊಂದು ವರ್ಷದ ಬಾಕಿ ಎಲ್ಲೋ ಉಳಿದುಕೊಂಡು ದಂಡ ಬೆಳೆಯುತ್ತಿದ್ದರೆ, ಮೌಲ್ಯ ಏರದಿದ್ದರೂ ಕಟ್ಟಬೇಕಾದ ಮೊತ್ತ ಏರುತ್ತಲೇ ಹೋಗುತ್ತದೆ. ಹಳೆಯ ರಸೀದಿ ನಿಮ್ಮಲ್ಲಿದ್ದು, ಗಣಕಯಂತ್ರದಲ್ಲಿ ಮಾತ್ರ ಬಾಕಿ ತೋರಿಸುತ್ತಿದ್ದರೆ ಆ ರಸೀದಿಯ ಪ್ರತಿ ಕೊಟ್ಟು ಸರಿಪಡಿಸಿಕೊಳ್ಳಬಹುದು.

ಹಾಗಾದರೆ ಅಧಿಕಾರಿಗಳ ಪಾತ್ರವೇನು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲ ಮೌಲ್ಯಮಾಪಕರು ನೀವೇ. ನಿಮ್ಮ ಘೋಷಣೆಯನ್ನು ಪರಿಶೀಲಿಸುವುದು ಅವರ ಕೆಲಸ. ಬಿಲ್ ಕಲೆಕ್ಟರ್ ಅಥವಾ ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದು ಅಳತೆ, ಅಂತಸ್ತು, ಬಳಕೆ ಇವು ಘೋಷಣೆಗೆ ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ಆಯುಕ್ತರು ಅಥವಾ ಅವರು ಅಧಿಕಾರ ಕೊಟ್ಟವರು ಆಯ್ದ ಘೋಷಣೆಗಳನ್ನು ತನಿಖೆ ಮಾಡಬಹುದು. ಕಡಿಮೆ ಘೋಷಿಸಿರುವುದು ಕಂಡುಬಂದರೆ ನೋಟಿಸು ಕೊಟ್ಟು, ಮರುನಿರ್ಧರಣೆ ಮಾಡಿ, ವ್ಯತ್ಯಾಸದ ಜೊತೆಗೆ ದಂಡವನ್ನೂ ವಸೂಲು ಮಾಡಬಹುದು. ಆದರೆ ಬಿಲ್ ಕಲೆಕ್ಟರ್ ಬಾಯಿಮಾತಿನಲ್ಲಿ ಹೇಳಿದ ಮೊತ್ತ ನಿರ್ಧರಣೆ ಆಗುವುದಿಲ್ಲ. ನೋಟಿಸು ಲಿಖಿತವಾಗಿರಬೇಕು, ಅದಕ್ಕೆ ಉತ್ತರ ಕೊಡಲು ನಿಮಗೆ ಅವಕಾಶ ಇರಬೇಕು, ಕೊಟ್ಟ ಉತ್ತರವನ್ನು ಪರಿಗಣಿಸಿದ ಆದೇಶ ಬರಬೇಕು. ಬರಹದಲ್ಲಿ ಇಲ್ಲದ ಮೊತ್ತಕ್ಕೆ ಕೈಯಲ್ಲಿ ಹಣ ಕೊಡಬೇಡಿ. ಚಲನ್ ತೆಗೆಸಿ ಬ್ಯಾಂಕಿನಲ್ಲೋ ಆನ್‌ಲೈನಿನಲ್ಲೋ ಕಟ್ಟಿ.

ಎದುರು ಮನೆಯ ಹೋಲಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಅದು ಒಳ್ಳೆಯ ಸುಳಿವು, ಆದರೆ ದುರ್ಬಲ ವಾದ. ಅವರ ಮನೆಯಲ್ಲಿ ಒಂದೇ ಅಂತಸ್ತು ಇರಬಹುದು, ಹೆಂಚಿನ ಮನೆ ಇರಬಹುದು, ಅಥವಾ ಅವರು ಮೇಲಿನ ಅಂತಸ್ತನ್ನು ಘೋಷಿಸಿಯೇ ಇಲ್ಲದಿರಬಹುದು. ಅವರದ್ದು ಕಡಿಮೆ ಘೋಷಣೆಯಾಗಿದ್ದರೆ ಅದರಿಂದ ನಿಮ್ಮ ತೆರಿಗೆ ಇಳಿಯುವುದಿಲ್ಲ, ಅವರದ್ದು ಏರುತ್ತದೆ ಅಷ್ಟೆ. ಹೋಲಿಕೆ ಮಾಡಲೇಬೇಕೆಂದರೆ ಕೊನೆಯ ಮೊತ್ತವನ್ನು ಬಿಟ್ಟು ಎರಡೂ ಮನೆಗೆ ಹಾಕಿರುವ ರಸ್ತೆಯ ದರವನ್ನು ಹೋಲಿಸಿ. ಒಂದೇ ರಸ್ತೆಯ ಎದುರುಬದುರು ಮನೆಗಳಿಗೆ ಎರಡು ದರ ಇದ್ದರೆ ಅದಕ್ಕೆ ಪಟ್ಟಿಯಲ್ಲಿ ಕಾರಣ ಇರಬೇಕು. ಕಾರಣ ಇಲ್ಲದಿದ್ದರೆ ಅಲ್ಲಿ ತಪ್ಪಿದೆ.

ಬಂಡವಾಳ ಮೌಲ್ಯದ ಪದ್ಧತಿ ಹಳೆಯ ಬಾಡಿಗೆ ಅಂದಾಜಿಗಿಂತ ಎಷ್ಟೋ ಮೇಲು ಎಂಬುದು ನನ್ನ ನಂಬಿಕೆ, ಏಕೆಂದರೆ ಇಲ್ಲಿ ಪ್ರತಿ ಅಂಕಿಯನ್ನೂ ಸಾಮಾನ್ಯ ಮನುಷ್ಯರೂ ಪರೀಕ್ಷಿಸಬಹುದು. ಆದರೆ ಅದರಲ್ಲಿ ಒಂದು ನಿಜವಾದ ನ್ಯಾಯದ ಪ್ರಶ್ನೆ ಇದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಸ್ತೆಗಳು ಅಗಲವಾದವು, ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯಿತು, ಬೆಂಗಳೂರಿಗೆ ಹೋಗಿಬರುವವರು ಹೆಚ್ಚಿದರು. ಸೈಟಿನ ಬೆಲೆ ಏರಿತು. ನಿವೃತ್ತಿ ವೇತನದಲ್ಲಿ ಬದುಕುವವರ ಆದಾಯ ಅದರ ಜೊತೆ ಏರಲಿಲ್ಲ. ಮಾರದ ಮನೆಯ ಏರಿದ ಬೆಲೆ ಕೈಗೆ ಸಿಗುವ ಹಣವಲ್ಲ. ಈ ಕಾರಣದಿಂದಲೇ ಪೂರ್ಣ ಮೌಲ್ಯದ ಬದಲು ಒಂದು ಪಾಲಿಗೆ ಮಾತ್ರ ತೆರಿಗೆ ಹಾಕುವುದು, ವಾಸದ ದರವನ್ನು ಕೆಳಮಟ್ಟದಲ್ಲಿ ಇಡುವುದು ಅಗತ್ಯ. ಮಾರ್ಗಸೂಚಿ ದರದ ಕರಡು ಪ್ರಕಟವಾದಾಗ ಸೈಟಿನ ವ್ಯವಹಾರದವರು ಮಾತ್ರ ಅದನ್ನು ಓದುತ್ತಾರೆ, ಮನೆ ಇರುವವರು ಓದುವುದಿಲ್ಲ. ತಮ್ಮ ರಸ್ತೆಗೆ ಹೆಚ್ಚಿನ ದರ ಸೂಚಿಸಿದ್ದಾರೆ ಎನಿಸಿದರೆ ಮನೆಮಂದಿ ಆಕ್ಷೇಪಣೆ ಸಲ್ಲಿಸಬೇಕಾದ ಹೊತ್ತು ಅದು. ಪಟ್ಟಿ ಅಂತಿಮವಾದ ಮೇಲೆ ಪಾಲಿಕೆಯಲ್ಲಿ ಆ ದರದ ಬಗ್ಗೆ ವಾದ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ಬದಲಿಸುವ ಅಧಿಕಾರ ಪಾಲಿಕೆಗೆ ಇಲ್ಲ.

ಇನ್ನು ನೀವು ಮಾಡಬೇಕಾದದ್ದು. ಪಾಲಿಕೆಯ ಕಂದಾಯ ವಿಭಾಗದಿಂದ ನಿಮ್ಮ ಸ್ವತ್ತಿನ ತೆರಿಗೆ ನಿರ್ಧರಣೆಯ ವಿವರವನ್ನು ಪಡೆಯಿರಿ. ಕೇಳಿದರೆ ಸಿಗದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ನಿಮ್ಮ ರಸ್ತೆಯ ಮಾರ್ಗಸೂಚಿ ದರ ನೋಂದಣಿ ಇಲಾಖೆಯ ಜಾಲತಾಣದಲ್ಲೂ ಉಪ ನೋಂದಣಾಧಿಕಾರಿ ಕಚೇರಿಯಲ್ಲೂ ಸಿಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮೇಲೆ ಹೇಳಿದ ಕ್ರಮದಲ್ಲಿ ತಾಳೆ ನೋಡಿ. ಅಂಗಡಿಯ ಭಾಗ ವಾಣಿಜ್ಯವೆಂದೇ ಇದ್ದರೆ ಆಯುಕ್ತರಿಗೆ ಒಂದು ಪುಟದ ಅರ್ಜಿ ಸಾಕು: ಸ್ವತ್ತಿನ ಸಂಖ್ಯೆ, ಅಂಗಡಿ ಮುಚ್ಚಿದ ಕಾಲ, ಈಗಿನ ಬಳಕೆ, ಸ್ಥಳ ಪರಿಶೀಲನೆ ಮಾಡಿ ಬಳಕೆಯ ನಮೂದನ್ನು ತಿದ್ದಬೇಕೆಂಬ ಕೋರಿಕೆ. ಅಂಗಡಿಯ ಉದ್ದಿಮೆ ಪರವಾನಗಿ ನವೀಕರಿಸದೆ ಬಿಟ್ಟಿದ್ದಕ್ಕೆ ದಾಖಲೆ ಇದ್ದರೆ, ಅಥವಾ ವಾಣಿಜ್ಯ ವಿದ್ಯುತ್ ಮೀಟರನ್ನು ತೆಗೆಸಿದ್ದರೆ ಆ ಪತ್ರವನ್ನು ಲಗತ್ತಿಸಿ. ಬೆಸ್ಕಾಂ ಬಿಲ್ಲಿನಲ್ಲಿ ಇನ್ನೂ ವಾಣಿಜ್ಯ ಸಂಪರ್ಕ ಎಂದೇ ಇದ್ದರೆ ಮೊದಲು ಅದನ್ನು ಬದಲಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪರಿಶೀಲನೆಗೆ ಬಂದವರು ಮೊದಲು ನೋಡುವುದು ಮೀಟರನ್ನೇ. ಅರ್ಜಿಯ ಪ್ರತಿಗೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಅರ್ಜಿ ಇತ್ಯರ್ಥವಾಗುವವರೆಗೆ ತೆರಿಗೆ ಕಟ್ಟದೆ ನಿಲ್ಲಿಸುವುದನ್ನು ನಾನು ಸೂಚಿಸುವುದಿಲ್ಲ. ತಿಂಗಳಿಗೆ ಶೇ 2ರ ದಂಡ ನಿಮ್ಮ ಉಳಿತಾಯವನ್ನು ತಿಂದುಹಾಕುತ್ತದೆ. ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿದ್ದೇನೆ ಎಂದು ಅರ್ಜಿಯಲ್ಲೇ ಬರೆದು ಕಟ್ಟಿ, ಹೆಚ್ಚುವರಿ ಮೊತ್ತವನ್ನು ಮುಂದಿನ ವರ್ಷದ ತೆರಿಗೆಗೆ ಹೊಂದಿಸಿಕೊಡಿ ಎಂದು ಕೇಳಿ. ನಿಮ್ಮ ಅರ್ಜಿಯಿಂದ ಸ್ಥಳ ಪರಿಶೀಲನೆ ನಡೆದಾಗ ನೀವು ಘೋಷಿಸದೆ ಬಿಟ್ಟ ಭಾಗವೇನಾದರೂ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಮೇಲಿನ ಮನೆಯ ಪೂರ್ತಿ ಅಳತೆ ದಾಖಲೆಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಮನೆ ಕಂದಾಯದ ರಸೀದಿಯಾಗಲಿ ಇ-ಖಾತೆಯಾಗಲಿ ಮಾಲೀಕತ್ವದ ಹಕ್ಕುಪತ್ರವಲ್ಲ, ಅನುಮತಿಯಿಲ್ಲದೆ ಕಟ್ಟಿದ ಭಾಗಕ್ಕೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಬಳಕೆಯ ನಮೂದು ಒಮ್ಮೆ ವಾಸಕ್ಕೆ ಬದಲಾದ ಮೇಲೆ ಮುಂದೆಂದಾದರೂ ಆ ಜಾಗದಲ್ಲಿ ಮತ್ತೆ ಅಂಗಡಿ ತೆರೆದರೆ, ಆ ವರ್ಷದ ಘೋಷಣೆಯಲ್ಲೇ ಅದನ್ನು ನಮೂದಿಸಬೇಕು.